ನಾಲ್ಕನೆಯ ನಾಳ

ಕಡಕ್ ರೊಟ್ಟಿಯನ್ನು ಬಾಯಿಯ ಎಡಗಡೆಯಿಂದ ಕಡಿಯದೆ ನಾನು ನಾಲ್ಕು ವರ್ಷ ಕಳೆದೆ. ಕಲಬುರಗಿಯ ಕಡೆಯವರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದವರ ಮುಂದೆ ಮೊದಲು ಇಡುವುದು ರೊಟ್ಟಿ, ಊರಿಗೆ ಹೊರಟವರ ಚೀಲದಲ್ಲಿ ಕಟ್ಟಿಕೊಡುವುದೂ ರೊಟ್ಟಿ. ಬಿಸಿ ರೊಟ್ಟಿಯನ್ನಾದರೆ ಪುಂಡಿಪಲ್ಯದ ಜೊತೆ ಹೇಗೋ ನುರಿಸಿ ನುಂಗಬಹುದು. ಎಳ್ಳು ಹಚ್ಚಿ ಒಣಗಿಸಿಟ್ಟ ಸಜ್ಜೆಯ ಕಡಕ್ ರೊಟ್ಟಿಗೆ ಮಾತ್ರ ಎರಡೂ ಕಡೆಯ ದವಡೆ ಹಲ್ಲು ಗಟ್ಟಿಯಿರಬೇಕು. ಬಲಗಡೆಯಿಂದಲೇ ಅಗಿಯುತ್ತ, ತರಗತಿಯಲ್ಲಿ ಎಡಗೆನ್ನೆಗೆ ಕೈ ಹಚ್ಚಿಕೊಂಡೇ ಪಾಠ ಹೇಳುತ್ತ, ನಾನು ಆ ನೋವಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಅದು ಹೋದ ಮೇಲೆಯೇ ಅದು ಎಷ್ಟು ದೊಡ್ಡದಾಗಿತ್ತೆಂಬುದು ತಿಳಿಯಿತು. ಆ ಹಲ್ಲಿನೊಳಗೆ ಏನಿತ್ತು, ನಾಲ್ಕು ವರ್ಷ ಯಾರಿಗೂ ಕಾಣದ್ದು 2024ರ ಬೇಸಿಗೆಯಲ್ಲಿ ಹೇಗೆ ಕಂಡಿತು ಎಂಬುದನ್ನು ಮರೆಯುವ ಮೊದಲು ಬರೆದಿಡಬೇಕೆನಿಸಿದೆ.

ತೊಗರಿಯ ನಾಡಿನಲ್ಲಿ ತೊಗರಿ ಬೇಳೆಯೊಳಗಿನ ಹರಳಿನಿಂದಲೇ ಈ ತೊಂದರೆ ಆರಂಭವಾಯಿತು. 2019ರ ಮಳೆಗಾಲದ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಹರಳು ಹಲ್ಲಿಗೆ ಸಿಕ್ಕು, ಮೇಲಿನ ಎಡಗಡೆಯ ದವಡೆ ಹಲ್ಲಿನ ಹಳೆಯ ಸಿಮೆಂಟು ಒಡೆದು ಹೋಯಿತು. ಹಾಲುಹಲ್ಲುಗಳ ಹಿಂದೆ ಆರು ವರ್ಷದ ಸುಮಾರಿಗೆ ಮೂಡಿ, ಸಾಯುವವರೆಗೂ ಜೊತೆಗಿರಬೇಕಾದ ದೊಡ್ಡ ಹಲ್ಲು ಅದು. ಎರಡು ವಾರ ಅಲಕ್ಷ್ಯ ಮಾಡಿದ ತಪ್ಪು ನನ್ನದೇ. ರಾತ್ರಿ ಠಣಕು ಶುರುವಾದ ಮೇಲೆ ಒಂದು ದವಾಖಾನೆಗೆ ಹೋದೆ. ಎರಡು ಭೇಟಿಯಲ್ಲಿ ರೂಟ್ ಕೆನಾಲ್, ಅಂದರೆ ಬೇರಿನೊಳಗಿನ ಸಣ್ಣ ನಾಳಗಳಿಂದ ತಿರುಳನ್ನು ತೆಗೆದು, ತೊಳೆದು, ತುಂಬುವ ಕೆಲಸ ಮುಗಿಯಿತು, ಮೇಲೆ ಕ್ಯಾಪ್ ಕೂಡಿಸಿದರು. ಆರು ತಿಂಗಳು ಯಾವ ತಕರಾರೂ ಇರಲಿಲ್ಲ.

ಆಮೇಲೆ ಬಂದ ನೋವು ಬೇರೆ ಜಾತಿಯದು. ಮೊದಲಿನದು ಬಿಸಿ ಚಹಾ ತಾಗಿದರೆ ಚುರ್ರೆನ್ನುತ್ತಿತ್ತು. ಇದು ಬಿಸಿಗೂ ತಣ್ಣಗಿನದಕ್ಕೂ ಮಿಸುಕುತ್ತಿರಲಿಲ್ಲ. ಕಡಿದಾಗ ಮಾತ್ರ ಹಲ್ಲಿನ ಬುಡದಲ್ಲಿ ಯಾರೋ ಹೆಬ್ಬೆರಳಿನಿಂದ ಒತ್ತಿದಂತೆ, ಬಗ್ಗಿ ಬೂಟಿನ ಲೇಸು ಕಟ್ಟುವಾಗ ಇಡೀ ಕೆನ್ನೆ ಭಾರವಾದಂತೆ. ಅಷ್ಟರಲ್ಲಿ ಲಾಕ್‌ಡೌನ್ ಬಂದು ಕೆಲವು ತಿಂಗಳು ಎಲ್ಲೂ ತೋರಿಸಲಾಗಲಿಲ್ಲ. ಆಮೇಲೆ ಅದೇ ದವಾಖಾನೆಗೆ ಹೋದಾಗ ಎಕ್ಸ್‌-ರೇ ತೆಗೆದು, ಮೂರು ಬಿಳಿ ಗೆರೆ ತೋರಿಸಿ, ಮೂರೂ ಬೇರುಗಳು ತುದಿಯವರೆಗೆ ತುಂಬಿವೆ, ಎಲ್ಲವೂ ಸರಿಯಾಗಿದೆ ಎಂದರು. ಹಾಗಾದರೆ ಇದು ಸೈನಸ್ ಇರಬೇಕೆಂದು ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋದೆ. ಆ ಅನುಮಾನವೂ ಪೂರಾ ತಪ್ಪಾಗಿರಲಿಲ್ಲ, ಏಕೆಂದರೆ ಮೇಲಿನ ದವಡೆ ಹಲ್ಲುಗಳ ಬೇರುಗಳು ಕೆನ್ನೆಯೊಳಗಿನ ಸೈನಸ್ ಎಂಬ ಗಾಳಿಯ ಕೋಣೆಯ ತಳದ ಹತ್ತಿರಕ್ಕೇ ಹೋಗಿ ನಿಲ್ಲುತ್ತವೆ. ಎರಡರ ನಡುವೆ ತೆಳ್ಳನೆಯ ಎಲುಬು ಮಾತ್ರ ಇರುವುದರಿಂದ, ಒಂದರ ಬೇನೆ ಇನ್ನೊಂದರ ಬೇನೆಯಂತೆ ತೋರುವುದು ಸಾಮಾನ್ಯ. ಗುಳಿಗೆ ನುಂಗಿದೆ, ಹಬೆ ತೆಗೆದುಕೊಂಡೆ. ಕಡಿದಾಗಿನ ಒತ್ತು ಹೋಗಲಿಲ್ಲ.

ಮೂರನೆಯ ಸಲ ದವಾಖಾನೆಗೆ ಹೋದಾಗ ಡಾಕ್ಟರು ಸೌಜನ್ಯದಿಂದಲೇ ಹೇಳಿದರು: “ಸರ್, ಹಲ್ಲಿನ ನರಾನೇ ತೆಗೆದ ಮ್ಯಾಲ ಬ್ಯಾನಿ ಎಲ್ಲಿಂದ ಬರ್ತದ್ರಿ? ನೀವು ಅದರ ಬಗ್ಗೆ ಭಾಳ ವಿಚಾರ ಮಾಡ್ಲಾಕತ್ತೀರಿ.”

ಆ ಮಾತು ನನ್ನೊಳಗೆ ಇಳಿದು ಕೂತುಬಿಟ್ಟಿತು. ಅಂದಿನಿಂದ ನೋವಾದಾಗಲೆಲ್ಲ, ಇದು ನಿಜವಾಗಿಯೂ ನೋವೋ, ನಾನು ನೋವೆಂದು ಅಂದುಕೊಳ್ಳುತ್ತಿರುವುದೋ ಎಂದು ಪರೀಕ್ಷಿಸುವ ಚಟ ಬೆಳೆಯಿತು. ನಾಲಿಗೆಯಿಂದ ಹಲ್ಲನ್ನು ಒತ್ತಿ ನೋಡುವುದು, ಎರಡು ದಿನ ಅದರ ನೆನಪನ್ನೇ ಮಾಡಬಾರದೆಂದು ಹಟ ಹಿಡಿಯುವುದು, ಮನೆಯವಳು ಕೇಳಿದರೆ “ಏನಿಲ್ಲ” ಎನ್ನುವುದು. ಹೊಟ್ಟೆನೋವೆಂದು ಕೈಯೆತ್ತಿ ನಿಂತ ಎಷ್ಟು ಮಕ್ಕಳನ್ನು ನಾನು “ನೆಪ ಹೇಳಬೇಡ, ಕೂತ್ಕೋ” ಎಂದು ಕೂರಿಸಿದ್ದೇನೆ ಎಂಬುದು ಆ ದಿನಗಳಲ್ಲಿ ಮೇಲಿಂದ ಮೇಲೆ ನೆನಪಾಗುತ್ತಿತ್ತು. ಕಣ್ಣಿಗೆ ಕಾಣದ ನೋವನ್ನು ಹೊತ್ತವನು ನೋವಿನ ಜೊತೆಗೆ ಅದರ ಸಾಕ್ಷಿಯನ್ನೂ ತಾನೇ ಹೊರಬೇಕಾಗುತ್ತದೆ, ಮತ್ತು ನನಗೆ ಆ ಎರಡನೆಯ ಹೊರೆಯೇ ಹೆಚ್ಚು ದಣಿಸಿತು.

ದಾರಿ ತೋರಿಸಿದವನು ನಮ್ಮ ಓಣಿಯ ಮೆಡಿಕಲ್ ಅಂಗಡಿಯ ಹುಡುಗ. ತಿಂಗಳಿಗೊಮ್ಮೆ ನೋವಿನ ಗುಳಿಗೆಯ ಪಟ್ಟಿ ಒಯ್ಯುವ ನನ್ನನ್ನು ನೋಡಿ ನೋಡಿ, ಒಂದು ದಿನ ಚಿಲ್ಲರೆ ಎಣಿಸುತ್ತ ಹೇಳಿದ: “ಸರ್, ಮೂರು ವರ್ಷ ಆತು ಇದೇ ಗುಳಿಗಿ ಒಯ್ಲಾಕತ್ತೀರಿ. ಸೇಡಂ ರೋಡಿನ್ಯಾಗ ದುರ್ಬೀನ ಹಚ್ಚಿ ಹಲ್ಲು ನೋಡೋ ಮೇಡಂ ಒಬ್ಬರು ಅದಾರ. ಒಮ್ಮೆ ತೋರಿಸ್ರಿ.” ದುರ್ಬೀನು ಎಂದಾಗ ಅವನ ಮನಸ್ಸಿನಲ್ಲಿ ಏನಿತ್ತೋ, ನಾನು ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿಯೆಂದು ತಿಳಿದಿದ್ದೆ.

2024ರ ಮೇ ತಿಂಗಳ ರಜೆಯಲ್ಲಿ ಹೋದೆ. ಹಲ್ಲಿನ ವೈದ್ಯಕೀಯದ ಉನ್ನತ ಪದವಿಯಾದ ಎಂ.ಡಿ.ಎಸ್. ಮುಗಿಸಿ ರೂಟ್ ಕೆನಾಲ್ ಕೆಲಸವನ್ನೇ ಮಾಡುವ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕ ವೈದ್ಯೆ. ಅವರು ಮೊದಲು ಮಾಡಿದ್ದು ಕೇಳುವುದು. ಯಾವಾಗ ನೋಯುತ್ತದೆ, ಕಡಿದಾಗಲೋ ಬಿಟ್ಟಾಗಲೋ, ರಾತ್ರಿ ಎಬ್ಬಿಸುತ್ತದೆಯೋ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ ಕನ್ನಡಿಯ ಹಿಡಿಕೆಯಿಂದ ಎಡಗಡೆಯ ಹಲ್ಲುಗಳನ್ನೆಲ್ಲ ಸಾಲಾಗಿ ಮೆಲ್ಲಗೆ ತಟ್ಟುತ್ತ ಹೋದರು. ಆ ಹಲ್ಲಿಗೆ ಬಂದಾಗ ನನ್ನ ಕೈ ತಾನಾಗಿಯೇ ಕುರ್ಚಿಯ ತೋಳನ್ನು ಹಿಡಿಯಿತು. ಅವರು ಅದನ್ನು ನೋಡಿದರು, ಬಾಯಿಂದ ಹೇಳಿಸಲಿಲ್ಲ. ನೇರವಾಗಿ ಒಂದು ಎಕ್ಸ್‌-ರೇ, ಕೊಳವೆಯನ್ನು ಪಕ್ಕಕ್ಕೆ ಸರಿಸಿ ಓರೆಯಿಂದ ಇನ್ನೊಂದು, ಕೊನೆಗೆ ದವಡೆಯ ಮೂರು ಆಯಾಮದ ಸಿ.ಬಿ.ಸಿ.ಟಿ. ಸ್ಕ್ಯಾನ್.

ಸ್ಕ್ಯಾನಿನಲ್ಲಿ ಎರಡು ಸಂಗತಿ ಇದ್ದವು. ಕೆನ್ನೆಯ ಕಡೆಯ ಮುಂದಿನ ಬೇರಿನ ತುದಿಗೆ ಅರ್ಧ ತೊಗರಿ ಕಾಳಿನಷ್ಟು ಕಪ್ಪು ನೆರಳು, ಅಂದರೆ ಅಲ್ಲಿ ಎಲುಬು ಕರಗಿದೆ. ಅದಕ್ಕಿಂತ ಮುಖ್ಯವಾದದ್ದು ಎರಡನೆಯದು: ಆ ಬೇರನ್ನು ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ ಚಿತ್ರದಲ್ಲಿ, ಹಳೆಯ ತುಂಬಿಕೆಯ ಬಿಳಿ ಚುಕ್ಕೆ ಬೇರಿನ ನಡುವೆ ಇರಲಿಲ್ಲ, ಒಂದು ಅಂಚಿಗೆ ಸರಿದಿತ್ತು. ಬೇರಿನಲ್ಲಿ ಒಂದೇ ನಾಳ ಇದ್ದರೆ ಅದು ಹೆಚ್ಚಾಗಿ ನಡುವೆ ಇರಬೇಕು. ಅಂಚಿನಲ್ಲಿದ್ದರೆ ಇನ್ನೊಂದು ಅಂಚಿನಲ್ಲಿ ಅದರ ಜೋಡಿ ಇದೆಯೆಂದೇ ಸಂಶಯ ಪಡಬೇಕು ಎಂದು ಅವರು ವಿವರಿಸಿದರು.

ಹಾಗಾದರೆ ಇಷ್ಟು ವರ್ಷದ ಎಕ್ಸ್‌-ರೇಗಳಲ್ಲಿ ಇದೇಕೆ ಕಾಣಲಿಲ್ಲ? ಉತ್ತರ ಮನೆಗೆ ಬಂದ ಮೇಲೆ ನನಗೆ ಹೊಳೆದದ್ದು ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೆನೆದಾಗ. 1367ರಲ್ಲಿ ಕಟ್ಟಿದ, ತೆರೆದ ಅಂಗಳವೇ ಇಲ್ಲದೆ ಇಡಿಯಾಗಿ ಮಾಡು ಹೊದ್ದ ಆ ಕಟ್ಟಡದಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ, ಒಂದು ಸಾಲಿಗೆ ನೇರವಾಗಿ ನಿಂತು ನೋಡಿದರೆ ಮುಂದಿನ ಕಂಬ ಹಿಂದಿನ ಕಂಬಗಳನ್ನೆಲ್ಲ ಮರೆಮಾಡಿ ಒಂದೇ ಕಂಬ ಇದ್ದಂತೆ ತೋರುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಹಲ್ಲಿನ ಎಕ್ಸ್‌-ರೇ ಕೆನ್ನೆಯ ಕಡೆಯಿಂದ ಅಂಗುಳಿನ ಕಡೆಗೆ ಹಾಯುವ ಒಂದು ನೇರ ನೋಟ. ನನ್ನ ಹಲ್ಲಿನ ಎರಡು ನಾಳಗಳು ನಿಂತದ್ದೂ ಅದೇ ದಿಕ್ಕಿನಲ್ಲಿ, ಒಂದರ ಹಿಂದೆ ಒಂದು.

ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು: ಕೆನ್ನೆಯ ಕಡೆಗೆ ಎರಡು, ಅಂಗುಳಿನ ಕಡೆಗೆ ಒಂದು. ಮೂರು ಬೇರಿಗೆ ಮೂರು ನಾಳ ಎಂಬ ಲೆಕ್ಕ ಸುಲಭವಾಗಿದೆ, ಆದರೆ ಹಲ್ಲು ಆ ಲೆಕ್ಕದ ಪ್ರಕಾರ ಬೆಳೆಯುವುದಿಲ್ಲ. ಜ್ಯೂರಿಕ್‌ನ ವಾಲ್ಟರ್ ಹೆಸ್ ನೂರು ವರ್ಷಗಳ ಹಿಂದೆಯೇ ಸಾವಿರಾರು ಹಲ್ಲುಗಳೊಳಗೆ ರಬ್ಬರ್ ತುಂಬಿ, ಗಟ್ಟಿ ಮಾಡಿ, ಹಲ್ಲನ್ನು ಕರಗಿಸಿ ಒಳಗಿನ ಪೊಳ್ಳಿನ ಅಚ್ಚು ತೆಗೆದು ತೋರಿಸಿದ್ದರು. 1925ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಆ ಅಚ್ಚುಗಳ ಚಿತ್ರಗಳಲ್ಲಿ ನಾಳಗಳು ಕೊಳವೆಗಳಂತಿಲ್ಲ. ಕವಲೊಡೆದು, ಮತ್ತೆ ಕೂಡಿ, ನಡುವೆ ತೆಳ್ಳನೆಯ ಪರದೆಯಂತೆ ಹರಡಿ, ಗಿಡದ ಬೇರಿನ ಜಾಲದಂತೆಯೇ ಇವೆ. ಕೆನ್ನೆಯ ಕಡೆಯ ಮುಂದಿನ ಬೇರು ಅಗಲವಾದದ್ದಾದ್ದರಿಂದ ಅದರಲ್ಲಿ ಎರಡನೆಯ ನಾಳ ಇರುವ ಸಂಭವ ಹೆಚ್ಚು. 1969ರಲ್ಲಿ ಅಮೆರಿಕದ ಫ್ರಾಂಕ್ಲಿನ್ ವೈನ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳ ಆ ಬೇರನ್ನು ಕೊರೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎರಡು ನಾಳ ಸಿಕ್ಕವು. ಅಂದರೆ ನನ್ನ ಹಲ್ಲು ವಿಚಿತ್ರವಾದದ್ದಲ್ಲ. ಮೂರೇ ನಾಳ ಇರುವ ಹಲ್ಲುಗಳಿಗಿಂತ ಇಂಥವೇ ಹೆಚ್ಚು.

ನರ ತೆಗೆದ ಮೇಲೆ ನೋವೆಲ್ಲಿಂದ ಎಂಬ ಹಳೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನೋವು ಬರುವುದು ಹಲ್ಲಿನೊಳಗಿನ ನರದಿಂದಷ್ಟೇ ಅಲ್ಲ, ಬೇರಿನ ತುದಿಯ ಸುತ್ತಲಿನ ಜೀವಂತ ಎಲುಬು ಮತ್ತು ನಾರಿನಿಂದಲೂ ಬರುತ್ತದೆ, ಮತ್ತು ಅದನ್ನು ಕೆಣಕುವವು ರೋಗಾಣುಗಳು. 1965ರಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಇಲಿಗಳ ಹಲ್ಲಿನ ತಿರುಳನ್ನು ಕೊರೆದು ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಬೇರಿನ ತುದಿಗೆ ಬಾವು ಬಂತು. ರೋಗಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ ಅದೇ ಗಾಯದ ಮೇಲೆ ಹೊಸ ದಂತದ್ರವ್ಯ ಬೆಳೆದು ತೂತು ಮುಚ್ಚತೊಡಗಿತು. ಹೀಗಾಗಿ ಒಂದು ನಾಳವನ್ನು ತೊಳೆಯದೆ ಬಿಟ್ಟರೆ, ಉಳಿದ ಮೂರನ್ನು ಎಷ್ಟೇ ಚೆನ್ನಾಗಿ ತುಂಬಿದ್ದರೂ, ಒಳಗೆ ಕೊಳೆತ ತಿರುಳನ್ನು ತಿಂದು ಬದುಕುವ ಜೀವಿಗಳಿಗೆ ಒಂದು ಮನೆ ಉಳಿದೇ ಉಳಿಯುತ್ತದೆ.

ಚಿಕಿತ್ಸೆಯ ದಿನ ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಿತ್ತು. ಅರಿವಳಿಕೆಯ ಸೂಜಿ ಕೊಟ್ಟು, ಹಳೆಯ ಕ್ಯಾಪನ್ನು ಕೊಯ್ದು ತೆಗೆದು, ತುಟಿಯ ಮೇಲೆ ನೀಲಿ ರಬ್ಬರ್ ಹಾಳೆಯೊಂದನ್ನು ಹರಡಿದರು. ನಡುವಿನ ತೂತಿನಿಂದ ಆ ಹಲ್ಲೊಂದೇ ಹೊರಗೆ ಬಂತು, ಉಳಿದ ಬಾಯಿ ಮುಚ್ಚಿಹೋಯಿತು. ರಬ್ಬರ್ ಡ್ಯಾಮ್ ಎಂದು ಕರೆಯುವ ಈ ಹಾಳೆ 1864ರಿಂದ ಬಳಕೆಯಲ್ಲಿದೆ. ನ್ಯೂಯಾರ್ಕಿನ ಬಾರ್ನಮ್ ಎಂಬ ದಂತವೈದ್ಯರು ತಂದದ್ದು. ಜೊಲ್ಲಿನೊಡನೆ ಹೊಸ ರೋಗಾಣು ನಾಳಕ್ಕಿಳಿಯದಂತೆ, ಒಳಗೆ ತೊಳೆಯಲು ಹಾಕುವ ಖಾರವಾದ ದ್ರಾವಣ ಗಂಟಲಿಗೆ ಹೋಗದಂತೆ, ಕೈ ಜಾರಿದ ಸೂಜಿಯನ್ನು ರೋಗಿ ನುಂಗದಂತೆ ಅದು ಕಾಯುತ್ತದೆ. ನನ್ನ ಮೊದಲ ಚಿಕಿತ್ಸೆಯಲ್ಲಿ ಅದು ಇರಲಿಲ್ಲ, ಹತ್ತಿಯ ಉಂಡೆಗಳಿದ್ದವು. ನೂರಅರವತ್ತು ವರ್ಷ ಹಳೆಯದಾದ, ಅಷ್ಟೇನೂ ದುಬಾರಿಯಲ್ಲದ ಈ ಹಾಳೆಯನ್ನು ಬಳಸದಿರಲು ನನಗೆ ಯಾವ ಕಾರಣವೂ ತೋರುವುದಿಲ್ಲ. ದುರ್ಬೀನು ಇಲ್ಲದಿದ್ದರೂ ಇದನ್ನಾದರೂ ಹಾಕಿರೆಂದು ರೋಗಿ ಕೇಳಬೇಕು.

ಆಮೇಲೆ ಗೋಡೆಯ ಕಡೆಯಿಂದ ಉದ್ದನೆಯ ತೋಳೊಂದು ನನ್ನ ಮುಖದ ಮೇಲೆ ಬಂದು ನಿಂತಿತು. ಅದರ ತುದಿಗೆ ಮೈಕ್ರೋಸ್ಕೋಪ್, ಆ ಹುಡುಗ ಹೇಳಿದ ದುರ್ಬೀನು. ಡಾಕ್ಟರು ನನ್ನ ಬಾಯಿಯ ಮೇಲೆ ಬಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತು ಎರಡೂ ಕಣ್ಣನ್ನು ಮಸೂರಗಳಿಗೆ ಹಚ್ಚಿದರು. ಮೇಲಿನ ಹಲ್ಲಾದ್ದರಿಂದ ಅವರು ನೋಡುವುದು ಬಾಯೊಳಗೆ ಹಿಡಿದ ಚಿಕ್ಕ ಕನ್ನಡಿಯಲ್ಲಿ, ಅಂದರೆ ಎಡ ಬಲ ತಿರುಗಿದ ಪ್ರತಿಬಿಂಬದಲ್ಲಿ, ಕೈ ಮಾತ್ರ ತಪ್ಪದೆ ಓಡಬೇಕು. ಎಡಕ್ಕೆ ಕಣ್ಣು ಹೊರಳಿಸಿದರೆ ನನಗೂ ಕಾಣುವಂತೆ ಒಂದು ಪರದೆ ಇಟ್ಟಿದ್ದರು. “ಸರ್, ಒಂದೇ ಮಾತು. ಅಲುಗಾಡಬ್ಯಾಡ್ರಿ. ನೀವು ನೂಲಿನಷ್ಟು ಸರಿದ್ರ ಇಲ್ಲಿ ಹಲ್ಲೇ ಮಾಯ ಆಗ್ತದ,” ಎಂದರು. ಹಿಗ್ಗಿಸಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಸ್ಪಷ್ಟವಾಗಿರುವ ಆಳವೂ ಕಡಿಮೆಯಾಗುತ್ತದೆ. ನಾನು ಉಸಿರನ್ನೂ ಅಳತೆಯಿಂದ ಬಿಡುತ್ತ ಮಲಗಿದೆ.

ಮೊದಲು ಬಂದದ್ದು ಹಳೆಯ ತುಂಬಿಕೆ. ಕಿತ್ತಳೆ ಬಣ್ಣದ ಆ ಮೆತ್ತನೆಯ ವಸ್ತು ಗಟ್ಟಾ ಪರ್ಚಾ, ಮಲಯ ದೇಶದ ಮರವೊಂದರ ಹಾಲಿನಿಂದ ಮಾಡಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದ ತಳದಲ್ಲಿ ಹಾಸಿದ ತಂತಿಗಳಿಗೆ ನೀರು ತಾಗದಂತೆ ಹೊದಿಸಿದ್ದೂ ಇದನ್ನೇ. ಅದನ್ನು ಬಿಸಿ ಮಾಡಿ, ಫೈಲು ಎಂಬ ಸೂಜಿಯಂಥ ಸಣ್ಣ ಅರಗಳಿಂದ ಸುತ್ತಿ ಸುತ್ತಿ ಎಳೆದು ತೆಗೆಯುವುದರಲ್ಲೇ ಅರ್ಧ ತಾಸಿಗೂ ಮೀರಿ ಹೋಯಿತು. ಒಂದು ಎಳೆ ಹೊರಬಂದಾಗ ಕೊಳೆತ ವಾಸನೆಯೊಂದು ರಬ್ಬರ್ ಹಾಳೆಯನ್ನೂ ದಾಟಿ ನನ್ನ ಮೂಗಿಗೆ ಬಡಿಯಿತು.

ಆಮೇಲೆ ಪರದೆಯ ಮೇಲೆ ಕಂಡದ್ದನ್ನು ಹೇಗೆ ಹೇಳಲಿ. ಹಲ್ಲಿನ ನಡುವಿನ ಕೋಣೆಯ ಗೋಡೆಗಳು ಬೆಣ್ಣೆಯ ಬಣ್ಣದವು. ಅದರ ನೆಲ ಮಾತ್ರ ಬೂದು ಮಿಶ್ರಿತ ಕಂದು, ನಮ್ಮ ಎರೆಹೊಲದ ಹಾಗೆ. ಆ ನೆಲದ ಮೇಲೆ ತೆಳ್ಳನೆಯ ಕಪ್ಪು ಗೆರೆಗಳು ಒಂದು ರಂಧ್ರದಿಂದ ಇನ್ನೊಂದಕ್ಕೆ ಕಾಲುದಾರಿಯಂತೆ ಹಾಯ್ದಿದ್ದವು. ಬೆಳಕು ನೋಡುವ ಕಣ್ಣಿನ ದಾರಿಯಲ್ಲೇ ಇಳಿಯುವುದರಿಂದ ಎಲ್ಲೂ ನೆರಳಿರಲಿಲ್ಲ. ಸೂರ್ಯ ನೆತ್ತಿಯ ಮೇಲೆ ಬಂದಾಗ ಮಾತ್ರ ಹಾಳುಬಾವಿಯ ತಳದ ಕಲ್ಲು ಒಂದೊಂದಾಗಿ ಕಾಣುತ್ತವಲ್ಲ, ಹಾಗೆ. ಮೂರು ರಂಧ್ರಗಳಿಗೆ ಮೂರು ದಾರಿ ಇದ್ದವು. ಕೆನ್ನೆಯ ಕಡೆಯ ಮುಂದಿನ ರಂಧ್ರದಿಂದ ಅಂಗುಳಿನ ಕಡೆಗೆ ಹೊರಟ ಒಂದು ಗೆರೆ ಮಾತ್ರ ಸ್ವಲ್ಪ ದೂರ ಸಾಗಿ, ಬಿಳಿಚಿದ ದಿಬ್ಬದಂಥ ಒಂದು ತುಣುಕಿನ ಕೆಳಗೆ ಮುಚ್ಚಿಹೋಗಿತ್ತು. ವಯಸ್ಸಾದಂತೆ ಒಳಗಡೆ ಬೆಳೆದು ಕೂಡುವ ದಂತದ್ರವ್ಯದ ದಿಬ್ಬವದು. ಬರಿಗಣ್ಣಿಗೆ ಅದು ನೆಲದ ಭಾಗವೆಂದೇ ತೋರಬೇಕು.

ಸೆಕೆಂಡಿಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಬಾರಿ ನಡುಗುವ ಅಲ್ಟ್ರಾಸಾನಿಕ್ ಮೊನೆಯೊಂದನ್ನು ಆ ದಿಬ್ಬಕ್ಕೆ ತಾಗಿಸಿ ತಾಗಿಸಿ ಅವರು ಸವೆಸತೊಡಗಿದರು. ಸುಣ್ಣದಂಥ ಪುಡಿ ಏಳುತ್ತಿತ್ತು, ಸಹಾಯಕಿ ಗಾಳಿ ಊದಿ ಹಾರಿಸುತ್ತಿದ್ದರು, ಡಾಕ್ಟರು ನಿಲ್ಲಿಸಿ ನೋಡುತ್ತಿದ್ದರು, ಮತ್ತೆ ತಾಗಿಸುತ್ತಿದ್ದರು. ಆಳ ತಪ್ಪಿದರೆ ನೆಲಕ್ಕೇ ತೂತು ಬಿದ್ದು ಹಲ್ಲು ಕೈಬಿಡುತ್ತದೆ. ಇದರ ನಡುವೆ ಕರೆಂಟು ಹೋಯಿತು. ಏಸಿ ನಿಂತಿತು, ಪರದೆ ಕಪ್ಪಾಯಿತು, ಇನ್ವರ್ಟರ್ ಹಿಡಿಯುವವರೆಗಿನ ಎರಡು ಮೂರು ಕ್ಷಣ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಬೆಳಕು ಮರಳಿದಾಗ ಅವರ ಕೈ ಇದ್ದಲ್ಲೇ ಇತ್ತು.

ಕೊನೆಗೆ ಕೋಣೆಯ ತುಂಬ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತುಂಬಿ ಸುಮ್ಮನೆ ಕಾದರು. ಮನೆಯಲ್ಲಿ ಬಟ್ಟೆ ಬೆಳ್ಳಗೆ ಮಾಡಲು ಬಳಸುವ ದ್ರಾವಣದ ಜಾತಿಯದೇ ಅದು. ಸತ್ತ ತಿರುಳಿಗೆ ತಾಗಿದರೆ ಅದನ್ನು ಕರಗಿಸುತ್ತ ಗುಳ್ಳೆ ಬಿಡುತ್ತದೆ. ಪರದೆಯ ಮೇಲೆ ನೀರು ತಿಳಿಯಾಗಿ ನಿಂತಿತು. ನಿಂತ ನೀರಿನಲ್ಲಿ, ಆ ಗೆರೆ ಮುಚ್ಚಿಹೋಗಿದ್ದ ಜಾಗದಿಂದ ಒಂದು ಗುಳ್ಳೆ ಎದ್ದಿತು. ಮತ್ತೊಂದು. ಆಮೇಲೆ ಅದೇ ಒಂದು ಬಿಂದುವಿನಿಂದ, ಕೆರೆಯ ತಳದಲ್ಲಿ ಮೀನು ಉಸಿರು ಬಿಟ್ಟಂತೆ, ಸಾಲಾಗಿ.

“ಸರ್, ನೋಡ್ರಿ. ಇಲ್ಲೇ ಅದ.”

ಬಾಯಿ ತೆರೆದೇ ಇದ್ದುದರಿಂದ ನಾನು ಏನೂ ಹೇಳುವಂತಿರಲಿಲ್ಲ. ಕಣ್ಣಿನ ತುದಿಯಿಂದ ಕಿವಿಯ ಕಡೆಗೆ ನೀರು ಹರಿದು ಹೋಯಿತು. ಸಹಾಯಕಿ ನೋವಾಯಿತೇ ಎಂದು ಕೇಳಿದರು. ನಾನು ಕೈಯಾಡಿಸಿ ಇಲ್ಲವೆಂದೆ. ನಾಲ್ಕು ವರ್ಷ ನಾನು ನೋವೆಂದು ಹೇಳಿದ್ದು ನೋವೇ ಆಗಿತ್ತು.

ಬೂದು ಹಿಡಿಕೆಯ ಎಂಟನೆಯ ನಂಬರಿನ ಫೈಲು, ತುದಿಯ ದಪ್ಪ 0.08 ಮಿಲಿಮೀಟರ್, ಆ ಬಿಂದುವಿನೊಳಗೆ ಇಳಿದು ಕಚ್ಚಿಕೊಂಡಿತು. ಎರಡು ಚುಕ್ಕೆಗಳ ನಡುವೆ 0.2 ಮಿಲಿಮೀಟರ್‌ಗಿಂತ ಕಡಿಮೆ ಅಂತರವಿದ್ದರೆ ಬರಿಗಣ್ಣಿಗೆ ಅವು ಒಂದಾಗಿಯೇ ತೋರುತ್ತವೆ ಎನ್ನುತ್ತಾರೆ. ಆ ಫೈಲಿನ ತುದಿ ಅದರ ಅರ್ಧಕ್ಕಿಂತ ತೆಳುವು. ಇಂಥ ದಾರಿಯನ್ನು ಮೇಲಿನ ದೀಪದ ಬೆಳಕಿನಲ್ಲಿ, ಬರಿಗಣ್ಣಿನಿಂದ, ಬಾಗಿದ ಬೆನ್ನಿನಿಂದ ಹುಡುಕುವವರನ್ನು ನಾನು ದೂರಲಾರೆ. ಆದರೆ ನಾಳ ಒಂದು ಬಾಗು ತಿರುಗಿದ ಮೇಲೆ ಮೈಕ್ರೋಸ್ಕೋಪಿಗೂ ಏನೂ ಕಾಣುವುದಿಲ್ಲ. ಬೆಳಕು ನೇರವಾಗಿ ಮಾತ್ರ ಹೋಗುತ್ತದೆ. ಅಲ್ಲಿಂದ ಮುಂದೆ ಬೆರಳ ತುದಿಯ ಅನುಭವ, ಮತ್ತು ಬೇರಿನ ತುದಿ ಎಷ್ಟು ದೂರವಿದೆ ಎಂದು ವಿದ್ಯುತ್ತಿನಿಂದ ಅಳೆದು ಬೀಪ್ ಎನ್ನುವ ಚಿಕ್ಕ ಯಂತ್ರ, ಇವೆರಡನ್ನೇ ನಂಬಿ ಹೋಗಬೇಕು.

ಮೈಕ್ರೋಸ್ಕೋಪ್ ಹಲ್ಲಿಗೆ ಬಂದದ್ದು ತಡವಾಗಿ. 1921ರಲ್ಲೇ ಸ್ಟಾಕ್‌ಹೋಮಿನ ಕಾರ್ಲ್ ನೈಲೆನ್ ಕಿವಿಯ ಶಸ್ತ್ರಚಿಕಿತ್ಸೆಗೆ ಮೈಕ್ರೋಸ್ಕೋಪ್ ಬಳಸಿದ್ದರು. 1953ರಲ್ಲಿ ಜರ್ಮನಿಯ ಝೈಸ್ ಕಂಪನಿ ಶಸ್ತ್ರಚಿಕಿತ್ಸೆಗೆಂದೇ ಒಂದನ್ನು ಮಾರುಕಟ್ಟೆಗೆ ತಂದಿತು. ಹಲ್ಲಿಗೆಂದು ಅಪೊಥೆಕರ್ ಮತ್ತು ಯಾಕೊ ಎಂಬುವರು ರೂಪಿಸಿದ ಡೆಂಟಿಸ್ಕೋಪ್ 1981ರಲ್ಲಿ ಬಂತು, ಬಳಸಲು ತೊಡಕಾಗಿ ಬಹುಬೇಗ ಮೂಲೆ ಸೇರಿತು. 1990ರ ದಶಕದಲ್ಲಿ ಗ್ಯಾರಿ ಕಾರ್ ಅವರಂಥ ಕೆಲವು ವೈದ್ಯರು ಹಟ ಹಿಡಿದು ಮೈಕ್ರೋಸ್ಕೋಪನ್ನು ದಂತವೈದ್ಯರ ಕುರ್ಚಿಗೆ ಒಗ್ಗಿಸಿದರು, ಮತ್ತು 1998ರಿಂದ ಅಮೆರಿಕದಲ್ಲಿ ರೂಟ್ ಕೆನಾಲ್ ವಿಷಯದ ಉನ್ನತ ತರಬೇತಿಯಲ್ಲಿ ಮೈಕ್ರೋಸ್ಕೋಪ್ ಕಲಿಕೆ ಕಡ್ಡಾಯವಾಯಿತು. ಇದರಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ಜಾನ್ ಸ್ಟ್ರಾಪ್ಕೊ ಎಂಬ ವೈದ್ಯರು 1999ರಲ್ಲಿ ಪ್ರಕಟಿಸಿದ ಲೆಕ್ಕ. ಎಂಟು ವರ್ಷಗಳಲ್ಲಿ ತಾವು ಚಿಕಿತ್ಸೆ ಮಾಡಿದ 1,096 ಮೇಲಿನ ಮೊದಲ ದವಡೆ ಹಲ್ಲುಗಳಲ್ಲಿ ಶೇಕಡ 73.2ರಲ್ಲಿ ಅವರಿಗೆ ಆ ಎರಡನೆಯ ನಾಳ ಸಿಕ್ಕಿತ್ತು. ಅನುಭವ ಬೆಳೆದು, ಮೈಕ್ರೋಸ್ಕೋಪನ್ನು ಪ್ರತಿಸಲ ಬಳಸತೊಡಗಿ, ಅದಕ್ಕೆ ತಕ್ಕ ಸಲಕರಣೆ ಕೂಡಿಸಿಕೊಂಡು, ಸಾಕಷ್ಟು ಸಮಯವನ್ನೂ ಎತ್ತಿಟ್ಟ ಮೇಲೆ ಆ ಪ್ರಮಾಣ ಶೇಕಡ 93 ಆಯಿತು. ಸಮಯವನ್ನೂ ಒಂದು ಕಾರಣವೆಂದು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಆ ದಿನ ನಾನು ಕುರ್ಚಿಯಲ್ಲಿ ಮಲಗಿದ್ದು ಸುಮಾರು ಎರಡು ತಾಸು.

ನಾಲ್ಕೂ ನಾಳ ತೊಳೆದು, ಸುಣ್ಣದಂಥ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟು ಹಚ್ಚಿ ಮೂರು ವಾರ ಬಿಟ್ಟು ಬರಲು ಹೇಳಿದರು. ಆ ಸಿಮೆಂಟಿನಲ್ಲಿ ಲವಂಗದ ಎಣ್ಣೆಯ ಸತ್ವವಿರುತ್ತದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಬಾಯಲ್ಲಿ ಅದೇ ವಾಸನೆ, ಮತ್ತು ಅದರೊಡನೆ ನಮ್ಮವ್ವ. ಆಕೆ ಹಲ್ಲು ಬ್ಯಾನಿ ಎಂದಾಗಲೆಲ್ಲ ಸೆರಗಿನ ಗಂಟಿನಿಂದ ಒಂದು ಲವಂಗ ತೆಗೆದು ದವಡೆಗೆ ಒತ್ತಿಕೊಳ್ಳುತ್ತಿದ್ದಳು, ಆಗದಿದ್ದರೆ ಚಿತ್ತಾಪುರಕ್ಕೆ ಹೋಗಿ ಕೀಳಿಸಿಕೊಂಡು ಬರುತ್ತಿದ್ದಳು. ಐವತ್ತು ದಾಟುವುದರೊಳಗೆ ಆಕೆಗೆ ದವಡೆ ಹಲ್ಲೇ ಉಳಿದಿರಲಿಲ್ಲ. ಎಲ್ಲರಿಗೂ ಗರಿಗರಿಯಾದ ರೊಟ್ಟಿ ಬಡಿದು ಹಾಕಿ, ತನ್ನದನ್ನು ಮುರಿದು ಹಾಲಿನಲ್ಲಿ ನೆನೆಯಲು ಇಟ್ಟು, ಕೊನೆಗೆ ಊಟಕ್ಕೆ ಕುಳಿತುಕೊಳ್ಳುತ್ತಿದ್ದಳು. ಕೀಳಿಸಿದ್ದು ಆಗಿನ ಕಾಲಕ್ಕೆ ಸರಿಯಾದ ಉಪಾಯವೇ ಇರಬೇಕು. ಇಂದಿಗೂ ನಮ್ಮ ಹಳ್ಳಿಗಳಿಂದ ಬರುವ ಕೂಲಿಕಾರರಿಗೆ, ಒಂದು ದಿನದ ಪಗಾರ ಬಿಟ್ಟು ಎರಡು ಮೂರು ಸಲ ನಗರಕ್ಕೆ ಬರಲಾಗದವರಿಗೆ, ಕೀಳಿಸುವುದೊಂದೇ ದಾರಿ. ನನ್ನ ಹಲ್ಲಿಗೆ ಈ ಎರಡನೆಯ ಸಲಕ್ಕೆ ಕ್ಯಾಪ್ ಸೇರಿ ಹದಿನಾರು ಸಾವಿರ ರೂಪಾಯಿ ಆಯಿತು. ಪಗಾರದವನಾದ್ದರಿಂದ ಕೊಟ್ಟೆ. ಕೊಡುವಾಗ ಅವ್ವನ ನೆನಪು ಬಿಡಲಿಲ್ಲ.

ಜೂನ್ ಮೊದಲ ವಾರ ನಾಳಗಳನ್ನು ತುಂಬಿ, ಮುಂದಿನ ವಾರ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪ್ ಕೂಡಿಸಿದರು. ಚಿಕಿತ್ಸೆಯ ವಿಡಿಯೊವನ್ನು ನನ್ನ ಫೋನಿಗೆ ಕಳಿಸಿದ್ದರು. ಕೆಲವು ದಿನ ಯೋಚಿಸಿ ಅದನ್ನು ತೆಗೆದುಕೊಂಡು ನಾನು ಮೊದಲಿನ ದವಾಖಾನೆಗೆ ಹೋದೆ. ಜಗಳ ಮಾಡಲಿಕ್ಕೆ ಅಲ್ಲ, ತೋರಿಸದಿದ್ದರೆ ಅವರ ಮುಂದಿನ ರೋಗಿಗೂ ಇದೇ ಗತಿಯಾಗಬಹುದು ಎಂಬ ಕಾರಣಕ್ಕೆ. ಅವರು ಮೊದಲು ಸ್ವಲ್ಪ ಬಿಗಿಯಾಗಿ ಫೋನು ತೆಗೆದುಕೊಂಡರು. ಗುಳ್ಳೆ ಏಳುವ ಭಾಗ ಬಂದಾಗ ಹಿಂದಕ್ಕೆ ಸರಿಸಿ ಎರಡನೆಯ ಸಲ ನೋಡಿದರು.

“ಎಷ್ಟೊತ್ತು ಕುಂತಿದ್ರು ಸರ್ ಇದಕ್ಕ?”

“ಎರಡು ತಾಸು.”

ಅವರು ಬಾಗಿಲಿನ ಕಡೆ ಕೈ ತೋರಿಸಿದರು. ಹೊರಗಿನ ಬೆಂಚುಗಳ ಮೇಲೆ, ಮೆಟ್ಟಿಲ ಮೇಲೆ, ಕೆನ್ನೆಗೆ ಟವೆಲ್ ಕಟ್ಟಿಕೊಂಡು ಹದಿನೈದು ಇಪ್ಪತ್ತು ಜನ ಕುಳಿತಿದ್ದರು. “ಇವ್ರೆಲ್ಲ ಸಂಜಿ ಬಸ್ಸಿಗೆ ಊರಿಗೆ ಹೋಗ್ಬೇಕ್ರಿ,” ಎಂದರು. ಆಮೇಲೆ ತುಸು ಹೊತ್ತು ಬಿಟ್ಟು, ಆ ವಿಡಿಯೊವನ್ನು ತಮಗೆ ಕಳಿಸಬಹುದೇ ಎಂದು ಕೇಳಿದರು. ಅಲ್ಲೇ ಕುಳಿತು ಕಳಿಸಿದೆ. ಅವರ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳಿದರೆ ಸುಳ್ಳಾದೀತು, ಏಕೆಂದರೆ ನಾಳ ಸಿಗಲಿಲ್ಲ ಎಂಬುದು ಒಂದು ಮಾತು, ನೋವೇ ಇಲ್ಲ ಎನ್ನುವುದು ಇನ್ನೊಂದು. ನನಗೆ ಕಾಣುತ್ತಿಲ್ಲ, ಕಾಣುವವರ ಹತ್ತಿರ ಹೋಗಿ ಎಂದು ನಾಲ್ಕು ವರ್ಷಗಳ ಹಿಂದೆ ಹೇಳಲು ಎರಡು ತಾಸೂ ಬೇಕಾಗಿರಲಿಲ್ಲ, ಮೈಕ್ರೋಸ್ಕೋಪೂ ಬೇಕಾಗಿರಲಿಲ್ಲ. ಆದರೆ ಆ ಬೆಂಚುಗಳನ್ನು ನೋಡಿದ ಮೇಲೆ ಅವರೊಬ್ಬರನ್ನೇ ಹೊಣೆ ಮಾಡುವುದೂ ನನ್ನಿಂದಾಗುತ್ತಿಲ್ಲ.

ಡಿಸೆಂಬರ್ ಮೊದಲ ವಾರ ಸೇಡಂ ರೋಡಿನ ಡಾಕ್ಟರು ಹೊಸ ಎಕ್ಸ್‌-ರೇ ತೆಗೆದು ಹಳೆಯದರ ಪಕ್ಕದಲ್ಲಿ ಇಟ್ಟು ತೋರಿಸಿದರು. ಓರೆಯಿಂದ ತೆಗೆದ ಚಿತ್ರದಲ್ಲಿ ಈಗ ನಾಲ್ಕು ಬಿಳಿ ಗೆರೆ. ಬೇರಿನ ತುದಿಯ ಕಪ್ಪು ನೆರಳು ಸಾಸಿವೆ ಕಾಳಿಗಿಂತ ತುಸು ದೊಡ್ಡದಾಗಿ ಉಳಿದಿತ್ತು, ಅದರ ಅಂಚಿನಲ್ಲಿ ಹೊಸ ಎಲುಬಿನ ಮಸುಕಾದ ಬಲೆ ಮೂಡಿತ್ತು. ಎಲುಬು ಅವಸರ ಮಾಡುವುದಿಲ್ಲ, ಕೆಲವರಿಗೆ ಪೂರ್ತಿ ತುಂಬಲು ಮೂರು ನಾಲ್ಕು ವರ್ಷವೂ ಹಿಡಿಯುತ್ತದೆ ಎಂದರು. ತಿಂಗಳ ಕೊನೆಗೆ ಎಳ್ಳಮವಾಸ್ಯೆ ಬಂತು. ಹೊಲದಲ್ಲಿ ಜೋಳದ ನಡುವೆ ಕಂಬಳಿ ಹಾಸಿ ಊಟಕ್ಕೆ ಕುಳಿತಾಗ, ಮನೆಯವಳು ಭಜ್ಜಿ ಪಲ್ಯ ಬಡಿಸಿ ಸಜ್ಜೆಯ ಕಡಕ್ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿ, ಏನೂ ಹೇಳದೆ ನನ್ನ ಎಡಗೆನ್ನೆಯನ್ನೇ ನೋಡುತ್ತ ಕುಳಿತಳು. ಮುಂದಿನ ಎಕ್ಸ್‌-ರೇ 2025ರ ಜೂನಿನಲ್ಲಿ ಎಂದು ಹೇಳಿದ್ದರು.